ಕ್ಲಿನಿಕ್ಕಿನ ಬೀಗ ತೆಗೆಸಿ: ಕಾನೂನು ಶಿಕ್ಷಣ ಸಮಿತಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕಾನೂನು ಶಿಕ್ಷಣ ಸಮಿತಿ,
ಭಾರತೀಯ ವಕೀಲರ ಪರಿಷತ್ತು, ನವದೆಹಲಿ.

ವಿಷಯ: ಕಾನೂನು ಪದವಿಯ ಪ್ರಾಯೋಗಿಕ ಪತ್ರಿಕೆಗಳು ಹಾಗೂ ಕಾಲೇಜುಗಳ ಕಾನೂನು ನೆರವು ಕ್ಲಿನಿಕ್‌ಗಳು ಕಾಗದದ ಮೇಲಷ್ಟೇ ಉಳಿದಿರುವ ಬಗ್ಗೆ.

ಮಾನ್ಯರೇ,

ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಓದುತ್ತಿದ್ದೇನೆ. ಈಗ ಹತ್ತನೇ ಸೆಮಿಸ್ಟರ್. ಕಾಲೇಜಿನ ಹೆಸರು ಬರೆಯುವುದಿಲ್ಲ. ಒಂದು ಕಾಲೇಜಿಗೆ ನೋಟಿಸು ಕೊಟ್ಟು ಕಡತ ಮುಚ್ಚುವಂಥ ವಿಷಯ ಇದಲ್ಲ. ಜೊತೆಗೆ ನನ್ನ ಕೊನೆಯ ಅಂಕಪಟ್ಟಿ ಇನ್ನೂ ಅವರ ಕೈಯಲ್ಲಿದೆ. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಮಾತ್ರ ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ವಕೀಲಿಕೆ ನಡೆಸಬಯಸುವವರಿಗೆ ತಾವು ನಡೆಸುವ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಕನ್ನಡದಲ್ಲಿ ಪ್ರಶ್ನೆ ಕೇಳಬಲ್ಲವರು ಕನ್ನಡದಲ್ಲಿ ಬಂದ ದೂರನ್ನೂ ಓದಬಲ್ಲರು ಎಂದು ನಂಬಿದ್ದೇನೆ.

ತಮ್ಮ 2008ರ ಕಾನೂನು ಶಿಕ್ಷಣ ನಿಯಮಗಳನ್ನು ಅನುಸೂಚಿಗಳ ಸಮೇತ ಓದಿದ್ದೇನೆ. ಓದಿ ಮುಗಿಸಿದಾಗ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು, ಏಕೆಂದರೆ ನಿಯಮಗಳು ಚೆನ್ನಾಗಿವೆ. ಪ್ರತಿ ವಿದ್ಯಾರ್ಥಿಗೂ ನಾಲ್ಕು ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ. ಕರಡು ರಚನೆಯ ಪತ್ರಿಕೆಯಲ್ಲಿ ವಾದಪತ್ರ, ಜಾಮೀನು ಅರ್ಜಿಯಂಥ 15 ಕರಡುಗಳಿಗೆ 45 ಅಂಕ, ಕ್ರಯಪತ್ರ, ಉಯಿಲಿನಂಥ 15 ದಸ್ತಾವೇಜುಗಳಿಗೆ ಇನ್ನೊಂದು 45 ಅಂಕ, ಮೌಖಿಕ ಪರೀಕ್ಷೆಗೆ 10. ಅಣಕು ನ್ಯಾಯಾಲಯದ ಪತ್ರಿಕೆಯಲ್ಲಿ ಸಿವಿಲ್ ಅಥವಾ ಕ್ರಿಮಿನಲ್, ಎರಡು ಪ್ರಕರಣಗಳ ವಿಚಾರಣೆಯನ್ನು ಖುದ್ದಾಗಿ ನೋಡಿ ಬರೆಯುವುದಕ್ಕೆ 30 ಅಂಕ. ವಕೀಲರ ಕಚೇರಿಯಲ್ಲೋ ಕಾನೂನು ನೆರವು ಕಚೇರಿಯಲ್ಲೋ ಕಕ್ಷಿದಾರರ ಜೊತೆ ನಡೆಯುವ ಎರಡು ಮಾತುಕತೆಗಳನ್ನು ಗಮನಿಸಿ ದಿನಚರಿಯಲ್ಲಿ ದಾಖಲಿಸುವುದಕ್ಕೆ 15. ಐದು ವರ್ಷದ ಪದವಿಗೆ 20 ವಾರಗಳ, ಮೂರು ವರ್ಷದ ಪದವಿಗೆ 12 ವಾರಗಳ ಇಂಟರ್ನ್‌ಶಿಪ್. ಇವೆಲ್ಲದರ ಜೊತೆಗೆ, ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಅಂತಿಮ ವರ್ಷದವರು ನಡೆಸುವ, ಜನರಿಗೆ ಉಚಿತವಾಗಿ ಕಾನೂನು ಸಲಹೆ ಕೊಡುವ ಕಾನೂನು ನೆರವು ಕ್ಲಿನಿಕ್ ಪ್ರತಿ ಕಾಲೇಜಿನಲ್ಲೂ ಇರಬೇಕು.

ಇವು ಏಕೆ ಬಂದವೆಂದು ತಮಗೆ ಹೇಳಬೇಕಿಲ್ಲ, ಆದರೆ ನನ್ನ ಸಹಪಾಠಿಗಳೂ ಈ ಪತ್ರ ಓದುತ್ತಾರೆ. 1961ರ ವಕೀಲರ ಕಾಯ್ದೆಯಲ್ಲಿ ವಕೀಲರಾಗಿ ನೋಂದಣಿಯಾಗುವ ಮೊದಲು ತರಬೇತಿ ಪಡೆಯಬೇಕೆಂಬ ಷರತ್ತಿತ್ತು. 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. 1995ರಲ್ಲಿ ಪರಿಷತ್ತು ಒಂದು ವರ್ಷದ ತರಬೇತಿಯನ್ನು ನಿಯಮಗಳ ಮೂಲಕ ಮತ್ತೆ ತಂದಿತು. ಹಾಗೆ ತರಲು ಪರಿಷತ್ತಿಗೆ ಅಧಿಕಾರವಿಲ್ಲವೆಂದು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ರದ್ದುಮಾಡಿತು. ಅಷ್ಟು ಹೊತ್ತಿಗೆ, 1997ರ ತಮ್ಮ ಸುತ್ತೋಲೆಯಿಂದ, ನಾಲ್ಕು ಪ್ರಾಯೋಗಿಕ ಪತ್ರಿಕೆಗಳು ಪಠ್ಯಕ್ರಮಕ್ಕೆ ಸೇರಿದ್ದವು. ಪದವಿಯ ನಂತರದ ತರಬೇತಿ ಹೋದ ಮೇಲೆ ಉಳಿದದ್ದು ಈ 400 ಅಂಕಗಳಷ್ಟೇ. ವಕೀಲಿಕೆಯ ಕೆಲಸವನ್ನು ಕಾಲೇಜು ಕಲಿಸುವುದಿದ್ದರೆ ಅದು ಇಲ್ಲೇ ಆಗಬೇಕು.

ಇಲ್ಲಿ ಆಗುತ್ತಿರುವುದನ್ನು, ನಾನು ಕಣ್ಣಾರೆ ಕಂಡಷ್ಟನ್ನು ಮಾತ್ರ, ಹೇಳುತ್ತೇನೆ.

ನಮ್ಮ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ‘ರೆಕಾರ್ಡ್ ಸೆಟ್’, ಅಂದರೆ ಈ ಪತ್ರಿಕೆಗಳಿಗೆ ಸಲ್ಲಿಸಬೇಕಾದ ಬರಹಗಳ ಕಟ್ಟು, ಎಂದು ಕೇಳಿದರೆ ಸಾಕು, ಎಷ್ಟನೇ ಸೆಮಿಸ್ಟರ್ ಎಂದು ಅಂಗಡಿಯವರೇ ವಿಚಾರಿಸಿ ತೆಗೆದುಕೊಡುತ್ತಾರೆ. ಹಿಂದಿನ ಬ್ಯಾಚಿನ ಯಾರೋ ಬರೆದದ್ದು, ಅವರಿಗಿಂತ ಹಿಂದಿನವರು ಬರೆದದ್ದು. ಮೊದಲ ಪುಟದ ಹೆಸರು ಮತ್ತು ನೋಂದಣಿ ಸಂಖ್ಯೆ ಬದಲಾಗುತ್ತವೆ, ಉಳಿದದ್ದು ಹಾಗೆಯೇ ಇರುತ್ತದೆ. ಹೀಗಾಗಿ ನಮ್ಮ ತರಗತಿಯ ಬಹುಪಾಲು ಎಲ್ಲರೂ ಒಂದೇ ಕೊಲೆ ಪ್ರಕರಣವನ್ನು ‘ನೋಡಿದ್ದಾರೆ’. ಅದೇ ಪಂಚನಾಮೆ ಸಾಕ್ಷಿ ಎಲ್ಲರ ಎದುರೂ ಪ್ರತಿಕೂಲ ಸಾಕ್ಷಿಯಾಗುತ್ತಾನೆ, ಅದೇ ವೈದ್ಯಾಧಿಕಾರಿ ಅದೇ ಪಾಟೀಸವಾಲಿಗೆ ಅದೇ ಉತ್ತರ ಕೊಡುತ್ತಾರೆ. ರೆಕಾರ್ಡನ್ನು ಕೈಬರಹದಲ್ಲೇ ಸಲ್ಲಿಸಬೇಕೆಂದು ಕಾಲೇಜು ಕಟ್ಟುನಿಟ್ಟಾಗಿ ಹೇಳಿದೆ. ಆದ್ದರಿಂದ ನಕಲು ಮಾಡಿದವರ ಕೈನೋವು ಮಾತ್ರ ನಿಜ.

ಇದು ಬರೀ ಸೋಮಾರಿತನದ ಪ್ರಶ್ನೆಯಾಗಿದ್ದರೆ ತಮಗೆ ಪತ್ರ ಬರೆಯುತ್ತಿರಲಿಲ್ಲ. ಆ ರೆಕಾರ್ಡಿನಲ್ಲಿ ಆರೋಪಿಯ ಹೇಳಿಕೆ ಪಡೆದದ್ದು ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ಎಂದಿದೆ. 2024ರ ಜುಲೈ 1ರಿಂದ ಅದರ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ, ಅದರಲ್ಲಿ ಇದು 351ನೇ ಕಲಮು. ಆದರೆ ಆ ದಿನಾಂಕಕ್ಕೆ ಮೊದಲೇ ನಡೆಯುತ್ತಿದ್ದ ವಿಚಾರಣೆಗಳು ಹಳೆಯ ಸಂಹಿತೆಯಡಿಯೇ ಮುಂದುವರಿಯುತ್ತವೆ. ಹಾಗಾಗಿ 313 ಎಂದು ಬರೆದದ್ದು ಸರಿಯೂ ಇರಬಹುದು, ತಪ್ಪೂ ಇರಬಹುದು. ವಿಚಾರಣೆ ಯಾವಾಗ ಆರಂಭವಾಯಿತೆಂದು ಗೊತ್ತಿದ್ದವರು ಮಾತ್ರ ಹೇಳಬಲ್ಲರು. ನಾನು ಕೇಳಿದ ಒಬ್ಬರಿಗೂ ಅದು ಗೊತ್ತಿರಲಿಲ್ಲ, ಏಕೆಂದರೆ ಒಬ್ಬರೂ ಆ ನ್ಯಾಯಾಲಯದೊಳಗೆ ಕಾಲಿಟ್ಟಿರಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಇದೊಂದು ಪ್ರಶ್ನೆ ಕೇಳಿದರೂ ಸಾಕಿತ್ತು. ಕಳೆದ ವರ್ಷ ಪರೀಕ್ಷೆ ಮುಗಿಸಿದವರನ್ನು ವಿಚಾರಿಸಿದೆ. ಊರು ಯಾವುದು, ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರಂತೆ.

ನಾನು ಒಂದು ಪಾಲು ವಿಭಾಗದ ದಾವೆಯನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ಮೊದಮೊದಲು ಕಂಡದ್ದು ಬರೀ ವಾಯಿದೆ. ಪ್ರಕರಣ ಕರೆಯುತ್ತಾರೆ, ವಕೀಲರು ಸಮಯ ಕೇಳುತ್ತಾರೆ, ಮುಂದಿನ ದಿನಾಂಕ ಬೀಳುತ್ತದೆ. ಕೊನೆಗೊಮ್ಮೆ ವಾದಿಯ ಪಾಟೀಸವಾಲು ನಡೆಯಿತು. ವಕೀಲರು ಕೇಳಿದ್ದಕ್ಕೆ ಸಾಕ್ಷಿ ಉದ್ದನೆಯ ಕಥೆ ಹೇಳಿದರು. ನ್ಯಾಯಾಧೀಶರು ಅದನ್ನೆಲ್ಲ ಕೇಳಿಸಿಕೊಂಡು ಬೆರಳಚ್ಚುಗಾರರಿಗೆ ಒಂದು ವಾಕ್ಯ ಹೇಳಿದರು, ‘ನಮ್ಮ ತಂದೆಯ ಕಾಲದಲ್ಲೇ ವಿಭಾಗವಾಗಿತ್ತು ಎಂದರೆ ಸರಿಯಲ್ಲ.’ ದಾಖಲೆಯಲ್ಲಿ ಉಳಿದದ್ದು ಅಷ್ಟೇ. ಸಾಕ್ಷಿ ಆಡಿದ ಮಾತಿಗೂ ಕಡತದಲ್ಲಿ ಕುಳಿತುಕೊಳ್ಳುವ ಮಾತಿಗೂ ಎಷ್ಟು ದೂರವಿದೆ, ಆ ಕ್ಷಣದಲ್ಲಿ ಎದ್ದು ನಿಂತು ಆಕ್ಷೇಪಿಸದ ವಕೀಲ ಮುಂದೆ ಮೇಲ್ಮನವಿಯಲ್ಲಿ ಏನನ್ನು ಕಳೆದುಕೊಳ್ಳುತ್ತಾನೆ ಎನ್ನುವುದು ನನಗೆ ಸಾಕ್ಷ್ಯ ಅಧಿನಿಯಮದ ಪಠ್ಯಪುಸ್ತಕದಿಂದ ತಿಳಿದಿರಲಿಲ್ಲ. ಈ ರೆಕಾರ್ಡಿಗೂ ಜೆರಾಕ್ಸ್ ಅಂಗಡಿಯ ರೆಕಾರ್ಡಿಗೂ ನಮ್ಮ ಕಾಲೇಜಿನಲ್ಲಿ ಬಿದ್ದ ಅಂಕ ಒಂದೇ. ಅಂಕದ ದೂರು ನನ್ನದಲ್ಲ. ಹೋದವರಿಗೂ ಹೋಗದವರಿಗೂ ಭೇದವಿಲ್ಲ ಎಂದ ಮೇಲೆ ಮುಂದಿನ ಬ್ಯಾಚಿನವರು ಏಕೆ ಹೋಗುತ್ತಾರೆ?

ಇನ್ನು ಕ್ಲಿನಿಕ್. ನಮ್ಮಲ್ಲಿ ಅದಕ್ಕೊಂದು ಕೋಣೆಯಿದೆ, ಬಾಗಿಲ ಮೇಲೆ ದೊಡ್ಡ ಫಲಕವಿದೆ, ಫಲಕದ ಕೆಳಗೆ ಬೀಗವಿದೆ. ಒಳಗೆ ಕ್ರೀಡಾ ಸಾಮಗ್ರಿ ಮತ್ತು ಮುರಿದ ಬೆಂಚುಗಳು. ಪರಿಶೀಲನೆಗೆಂದು ತಂಡವೊಂದು ಬರುವ ಹಿಂದಿನ ದಿನ ಅವೆಲ್ಲ ಹೊರಹೋದವು, ಮೇಜು ಕುರ್ಚಿ ಬಂದವು, ವರ್ಷದುದ್ದಕ್ಕೂ ಜನ ಬಂದು ಹೋದಂತೆ ತೋರಿಸುವ ವಹಿಯೊಂದು ಒಂದೇ ಸಂಜೆಯಲ್ಲಿ ಸಿದ್ಧವಾಯಿತು. ಅದರಲ್ಲಿನ ಹೆಸರುಗಳಲ್ಲಿ ಕೆಲವು ನಮ್ಮ ಕಿರಿಯ ವಿದ್ಯಾರ್ಥಿಗಳವು. ಸುಳ್ಳು ದಾಖಲೆ ಸೃಷ್ಟಿಸುವುದು ಯಾವ ಕಲಮಿನಡಿ ಅಪರಾಧ ಎಂದು ನಮಗೆ ಅದೇ ವರ್ಷ ಪಾಠವಾಗಿತ್ತು.

ಆ ಫಲಕ ಮುಖ್ಯರಸ್ತೆಗೆ ಕಾಣುತ್ತದೆ. ಹಾಗಾಗಿ ನಿಜವಾಗಿ ಜನ ಬರುತ್ತಾರೆ, ಅದೇ ನನ್ನನ್ನು ಹೆಚ್ಚು ಕಾಡುವುದು. ಗಂಡ ತೀರಿಕೊಂಡು ಪೌತಿ ಖಾತೆ ಆಗದೆ, ಪಹಣಿಯಲ್ಲಿ ಮೈದುನನ ಹೆಸರು ಸೇರಿಹೋಗಿರುವ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ಬಂದಿದ್ದರು. ಇಲ್ಲಿ ಯಾರೂ ಇರುವುದಿಲ್ಲ ಎಂದು ಜವಾನರು ಹೇಳಿ ಕಳಿಸುತ್ತಿದ್ದಾಗ ನಾನು ಅದೇ ದಾರಿಯಲ್ಲಿದ್ದೆ. ಹೆಣ್ಣುಮಕ್ಕಳಿಗೆ ಉಚಿತ ಕಾನೂನು ಸೇವೆ ಪಡೆಯಲು ಆದಾಯದ ಮಿತಿಯೇ ಇಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲೇ ಆ ಹಕ್ಕಿದೆ ಎಂದು ಹೇಳಿ, ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯ ದಾರಿ ತೋರಿಸಿದೆ, 15100 ಸಹಾಯವಾಣಿ ಸಂಖ್ಯೆಯನ್ನು ಬರೆದುಕೊಟ್ಟೆ. ಐದು ನಿಮಿಷದ ಕೆಲಸ. ಈ ಐದು ನಿಮಿಷಕ್ಕಾಗಿಯೇ ಕ್ಲಿನಿಕ್ ಇರಬೇಕಾದದ್ದು. ಅದೇ ಕಾಯ್ದೆಯ 4ನೇ ಕಲಮು ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕ್ಲಿನಿಕ್‌ಗಳು ಸ್ಥಾಪನೆಯಾಗಿ ನಡೆಯುವಂತೆ ನೋಡಿಕೊಳ್ಳುವುದನ್ನು ರಾಷ್ಟ್ರೀಯ ಪ್ರಾಧಿಕಾರದ ಕೆಲಸವೆಂದು ಹೇಳುತ್ತದೆ, ಅದನ್ನು ತಮ್ಮ ಪರಿಷತ್ತಿನ ಜೊತೆ ಸಮಾಲೋಚಿಸಿ ಮಾಡಬೇಕೆಂದೂ ಹೇಳುತ್ತದೆ. ಉಚಿತ ಕಾನೂನು ನೆರವಿನ ಮಾತು ಹೇಳುವ ಸಂವಿಧಾನದ 39-ಎ ವಿಧಿಯ ಬಗ್ಗೆ ನಾನು ಹದಿನೈದು ಅಂಕದ ಉತ್ತರ ಬರೆದಿದ್ದೇನೆ. ಆ ಹೆಂಗಸಿಗೆ ಅದರಿಂದ ಏನೂ ಆಗಲಿಲ್ಲ.

ಕರಡು ರಚನೆಯ ಪತ್ರಿಕೆಯ ಕಥೆ ನನ್ನ ಮನೆಗೇ ತಾಗಿದ್ದು. ನನ್ನ ತಂದೆ ಉಪನೋಂದಣಿ ಕಚೇರಿಯ ಪಕ್ಕದಲ್ಲಿ ಪತ್ರ ಬರಹಗಾರರು. ರಜೆಯಲ್ಲಿ ಅವರ ಅಂಗಡಿಯಲ್ಲಿ ಕುಳಿತು ಟೈಪ್ ಮಾಡುತ್ತಾ ಬೆಳೆದವಳು ನಾನು. ಶುದ್ಧ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯಪತ್ರ ಎಲ್ಲವೂ ಕನ್ನಡದಲ್ಲೇ. ಚಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಿದರೆ ಎರಡು ತಲೆಮಾರು ನ್ಯಾಯಾಲಯ ಸುತ್ತುತ್ತದೆ ಎಂದು ಅಪ್ಪ ಪ್ರತಿ ಪತ್ರವನ್ನೂ ಗಟ್ಟಿಯಾಗಿ ಓದಿಸಿ ಸಹಿ ಹಾಕಿಸುತ್ತಾರೆ. ಆ ಅಭ್ಯಾಸದಲ್ಲೇ ನಾನು 15 ದಸ್ತಾವೇಜುಗಳನ್ನು ಕನ್ನಡದಲ್ಲಿ ಬರೆದು ಸಲ್ಲಿಸಿದೆ. ಇಂಗ್ಲಿಷಿನಲ್ಲಿ ಬರೆದುಕೊಂಡು ಬನ್ನಿ ಎಂದು ಹಿಂದಿರುಗಿಸಿದರು. ಮಾದರಿಗಾಗಿ ಕೊಟ್ಟ ಪುಸ್ತಕದ ಕ್ರಯಪತ್ರದಲ್ಲಿ ಸರ್ವೆ ನಂಬರಿಲ್ಲ, ಹಿಸ್ಸಾ ಇಲ್ಲ, ಗುಂಟೆಯಿಲ್ಲ, ಋಣಭಾರದ ಮಾತಿಲ್ಲ. ಅದನ್ನು ಹಿಡಿದು ಹೋದರೆ ನಮ್ಮ ತಾಲ್ಲೂಕಿನಲ್ಲಿ ಒಂದು ಗುಂಟೆಯೂ ನೋಂದಣಿಯಾಗುವುದಿಲ್ಲ.

ಇಲ್ಲಿ ಭಾಷಾಭಿಮಾನದ ಜಗಳ ತೆಗೆಯುತ್ತಿಲ್ಲ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ಅದನ್ನು ಕಲಿಯಲೇಬೇಕು, ಕಲಿತಿದ್ದೇನೆ. ಆದರೆ ನನ್ನ ತರಗತಿಯ ಬಹುಪಾಲು ಜನ ಹೋಗುವುದು ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಿಗೆ. ಅಲ್ಲಿ ಸಾಕ್ಷ್ಯ ಕನ್ನಡದಲ್ಲಿ, ಪೊಲೀಸರಿಗೆ ಕೊಡುವ ದೂರು ಕನ್ನಡದಲ್ಲಿ, ಕಂದಾಯ ದಾಖಲೆ ಕನ್ನಡದಲ್ಲಿ. ನಮ್ಮ ರಾಜ್ಯದ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳು ಎರಡೂ ಭಾಷೆಗಳಲ್ಲಿ ಅಚ್ಚಾಗುತ್ತವೆ, ಉತ್ತರವನ್ನು ಪೂರ್ತಿ ಕನ್ನಡದಲ್ಲೂ ಬರೆಯಬಹುದು. ಸಿದ್ಧಾಂತದ ಪತ್ರಿಕೆಗೆ ಸಲ್ಲುವ ಭಾಷೆ ಕ್ರಯಪತ್ರಕ್ಕೆ ಸಲ್ಲುವುದಿಲ್ಲ ಎನ್ನುವ ಕಾಲೇಜು ಯಾವ ನಿಯಮವನ್ನು ಪಾಲಿಸುತ್ತಿದೆಯೋ ತಿಳಿಯೆ. ತಮ್ಮ ನಿಯಮಗಳಲ್ಲಂತೂ ಅದು ನನಗೆ ಸಿಗಲಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ದೇಶದಾದ್ಯಂತ ಇದು ಗೊತ್ತಿರುವ ಸಂಗತಿ. ಪರಿಚಯವಿದ್ದವರಿಗೆ ಕಚೇರಿ ಸಿಗುತ್ತದೆ, ಇಲ್ಲದವರಿಗೆ ಪ್ರಮಾಣಪತ್ರ ಸಿಗುತ್ತದೆ. ಶಕ್ತಿ ಯೋಜನೆಯಿಂದಾಗಿ ನಮ್ಮಂಥ ವಿದ್ಯಾರ್ಥಿನಿಯರಿಗೆ ಬಸ್ಸಿನ ಖರ್ಚಾದರೂ ಇಲ್ಲ. ಹುಡುಗರಿಗೆ ಅದೂ ಕೈಯಿಂದಲೇ. ಕಿರಿಯ ವಕೀಲರಿಗೆ ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಗೆ ಕಡಿಮೆಯಿಲ್ಲದಂತೆ ಭತ್ಯೆ ಕೊಡಬೇಕೆಂದು 2024ರ ಅಕ್ಟೋಬರ್‌ನಲ್ಲಿ ತಾವು ಸಲಹೆ ನೀಡಿದಿರಿ. ಒಳ್ಳೆಯದು. ಇಂಟರ್ನ್ ಆಗಿ ಬರುವ ವಿದ್ಯಾರ್ಥಿಯ ಮಧ್ಯಾಹ್ನದ ಊಟದ ಬಗ್ಗೆಯೂ ಒಂದು ಸಾಲಿರಬಹುದಿತ್ತು.

ಅಧ್ಯಾಪಕರನ್ನು ದೂರುವುದು ಸುಲಭ, ಅದನ್ನು ನಾನು ಮಾಡುವುದಿಲ್ಲ. ನಮಗೆ ಪಾಠ ಹೇಳುವವರಲ್ಲಿ ಹಲವರು ಅತಿಥಿ ಉಪನ್ಯಾಸಕರು. ಒಬ್ಬರೇ ಬೆಳಿಗ್ಗೆ ರಾಜ್ಯಶಾಸ್ತ್ರ, ಮಧ್ಯಾಹ್ನ ತೆರಿಗೆ ಕಾನೂನು ಹೇಳಿ, ಸಂಜೆ ರೆಕಾರ್ಡುಗಳ ರಾಶಿಗೆ ಸಹಿ ಹಾಕಬೇಕು. ಪೂರ್ಣಾವಧಿಯವರು ವೃತ್ತಿ ನಡೆಸುವಂತಿಲ್ಲವಾದ್ದರಿಂದ ನ್ಯಾಯಾಲಯ ಬಿಟ್ಟು ವರ್ಷಗಳಾಗಿರುತ್ತವೆ. ಆದರೆ ವೃತ್ತಿನಿರತ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದೆಂದು 1979ರಿಂದಲೂ ನಿಯಮವಿದೆ. ಕಾಲೇಜಿನಿಂದ ನ್ಯಾಯಾಲಯ ನಡೆದು ಹೋಗುವಷ್ಟು ಹತ್ತಿರವಿದ್ದರೂ ಕರಡು ರಚನೆ ಕಲಿಸಲು ಒಬ್ಬ ವಕೀಲರೂ ನಮ್ಮಲ್ಲಿಗೆ ಬಂದಿಲ್ಲ.

ಈ ಪದವಿ ಏನನ್ನು ಕೊಡುತ್ತಿಲ್ಲ ಎನ್ನುವುದು ನ್ಯಾಯಾಲಯಗಳಿಗೂ ಗೊತ್ತಾಗಿದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿಕೆ ಬೇಕೆಂಬ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಂದಿತು. ಅನುಭವವಿಲ್ಲದೆ ನೇರವಾಗಿ ಬಂದವರಿಂದ ತೊಂದರೆಯಾಗಿದೆ ಎನ್ನುವುದೇ ಅದರ ಹಿಂದಿನ ಕಾರಣ. ವಕೀಲರ ಪರೀಕ್ಷೆಯನ್ನು 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಆದರೆ ಕಾಯ್ದೆಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೂರು ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರ ಗುರುತಿಸುವ ಪರೀಕ್ಷೆ, ಎದುರು ಕುಳಿತು ಅಳುತ್ತಿರುವ ಕಕ್ಷಿದಾರರಿಂದ ದಿನಾಂಕಗಳನ್ನು ಹೇಗೆ ಕೇಳಿ ತಿಳಿಯಬೇಕೆಂದು ಪರೀಕ್ಷಿಸಲಾರದು. ಆ ಕೆಲಸಕ್ಕೆ ಇರುವುದು ಕ್ಲಿನಿಕ್ ಮತ್ತು ಆ 15 ಅಂಕದ ದಿನಚರಿ.

ಆದ್ದರಿಂದ ನನ್ನ ಬೇಡಿಕೆಗಳು ಹೊಸ ನಿಯಮಕ್ಕಾಗಿ ಅಲ್ಲ. ಇರುವುದನ್ನು ಪರಿಶೀಲಿಸಲು ಸಾಧ್ಯವಾಗುವಂತೆ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ.

ಮೊದಲನೆಯದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರತಿ ಪ್ರಕರಣಕ್ಕೂ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿದೆ. ಅದನ್ನು ಹಾಕಿದರೆ ಯಾವ ದಿನ ಪ್ರಕರಣ ಕರೆಯಲಾಯಿತು, ಅಂದು ಅದು ಯಾವ ಹಂತದಲ್ಲಿತ್ತು ಎಂದು ಮೊಬೈಲಿನಲ್ಲೇ ಕಾಣುತ್ತದೆ. ವಿಚಾರಣೆ ವೀಕ್ಷಣೆಯ ರೆಕಾರ್ಡಿನಲ್ಲಿ ಸಿ.ಎನ್.ಆರ್. ಸಂಖ್ಯೆ ಮತ್ತು ಹಾಜರಿದ್ದ ದಿನಾಂಕಗಳನ್ನು ಕಡ್ಡಾಯ ಮಾಡಿ, ಒಂದು ಕಾಲೇಜಿನಿಂದ ಒಂದೇ ಪ್ರಕರಣವನ್ನು ಎಷ್ಟು ಜನ ಬರೆಯಬಹುದೆಂದು ಮಿತಿ ಹಾಕಿ. ಜೆರಾಕ್ಸ್ ಅಂಗಡಿಯ ಕೊಲೆ ಪ್ರಕರಣ ಒಂದೇ ಸೆಮಿಸ್ಟರಿನಲ್ಲಿ ಮುಗಿಯುತ್ತದೆ. ತರಗತಿಯ ಹಾಜರಿಗೆ ಬಯೋಮೆಟ್ರಿಕ್ ಯಂತ್ರ, ಕೊಠಡಿಗೆ ಸಿಸಿಟಿವಿ ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದ್ದೀರಿ. ತರಗತಿಯಲ್ಲಿ ಕುಳಿತದ್ದಕ್ಕೆ ಅಷ್ಟು ಪುರಾವೆ ಬೇಕಿದ್ದರೆ ನ್ಯಾಯಾಲಯದಲ್ಲಿ ಕುಳಿತದ್ದಕ್ಕೆ ಒಂದು ಸಂಖ್ಯೆಯಾದರೂ ಬೇಡವೇ?

ಕ್ಲಿನಿಕ್ ತೆರೆಯುವ ದಿನ ಮತ್ತು ವೇಳೆಯನ್ನು ಫಲಕದ ಮೇಲೆಯೇ ಬರೆಸಿ. ಬಂದವರ ಸಂಖ್ಯೆ, ವಿಷಯದ ಸ್ವರೂಪ, ಎಲ್ಲಿಗೆ ಕಳಿಸಲಾಯಿತು ಎಂಬ ವಿವರವನ್ನು, ಕಕ್ಷಿದಾರರ ಹೆಸರಿಲ್ಲದೆ, ಮೂರು ತಿಂಗಳಿಗೊಮ್ಮೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಸಲ್ಲಿಸಿ ಕಾಲೇಜಿನ ಜಾಲತಾಣದಲ್ಲೂ ಹಾಕಲಿ. ಪ್ರಾಧಿಕಾರಕ್ಕೆ ಒಬ್ಬರನ್ನೂ ಕಳಿಸದ ಕ್ಲಿನಿಕ್ಕಿನ ವಹಿ ತುಂಬಿದ್ದರೆ ಅನುಮಾನ ತಾನಾಗಿಯೇ ಬರುತ್ತದೆ. ಪರಿಶೀಲನೆಗೆ ಬರುವ ದಿನವನ್ನು ಮುಂಚಿತವಾಗಿ ತಿಳಿಸಬೇಡಿ.

ಕರಡು ರಚನೆಯ 30 ಅಭ್ಯಾಸಗಳಲ್ಲಿ ಕನಿಷ್ಠ ಅರ್ಧವನ್ನು ಆಯಾ ರಾಜ್ಯದ ವಿಚಾರಣಾ ನ್ಯಾಯಾಲಯದ ಭಾಷೆಯಲ್ಲಿ ಬರೆಸಿ. ಇದು ಕನ್ನಡಕ್ಕೆ ಮಾತ್ರ ಕೇಳುತ್ತಿರುವುದಲ್ಲ, ತಮಿಳು, ತೆಲುಗು, ಮರಾಠಿಯವರಿಗೂ ಸಲ್ಲಬೇಕು. ಮೌಖಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಸ್ಥಳೀಯ ವಕೀಲರ ಸಂಘದ ವೃತ್ತಿನಿರತರೊಬ್ಬರು ಇರಲಿ. ಇಂಟರ್ನ್‌ಶಿಪ್ಪಿನ 20 ವಾರಗಳಲ್ಲಿ ನಾಲ್ಕು ವಾರವನ್ನಾದರೂ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳಲ್ಲಿ ಮಾಡುವ ವ್ಯವಸ್ಥೆಯಾಗಲಿ. ಪರಿಚಯವಿಲ್ಲದ ಮನೆಯ ಮಕ್ಕಳಿಗೂ ಆಗ ಒಂದು ಬಾಗಿಲು ತೆರೆದಿರುತ್ತದೆ, ಸಮಿತಿಗೂ ಅರ್ಜಿ ಬರೆದುಕೊಡುವ ಕೈಗಳು ಸಿಗುತ್ತವೆ.

2025ರ ಆಗಸ್ಟ್‌ನಲ್ಲಿ ತಾವು ಮೂರು ವರ್ಷ ಹೊಸ ಕಾನೂನು ಕಾಲೇಜುಗಳಿಗೆ ಅನುಮತಿಯಿಲ್ಲ ಎಂದು ಪ್ರಕಟಿಸಿ, ಗುಣಮಟ್ಟದ ಕುಸಿತವನ್ನು ಕಾರಣವಾಗಿ ಹೇಳಿದಿರಿ. ಹೊಸ ಅರ್ಜಿಗಳನ್ನು ನೋಡುವ ಕೆಲಸ ಇಷ್ಟು ಕಾಲ ಕಡಿಮೆಯಿರುವುದರಿಂದ ಇರುವ ಕಾಲೇಜುಗಳ ಕೋಣೆಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು. ಈ ಪತ್ರದ ಬಗ್ಗೆ ತಮ್ಮ ಸಮಿತಿ ಏನು ತೀರ್ಮಾನ ಕೈಗೊಂಡಿತೆಂದು ರಾಜ್ಯ ವಕೀಲರ ಪರಿಷತ್ತಿನ ಮೂಲಕ ಎಲ್ಲ ಕಾನೂನು ಕಾಲೇಜುಗಳ ಸೂಚನಾ ಫಲಕಕ್ಕೆ ತಲುಪಿಸಬೇಕಾಗಿ ವಿನಂತಿ. ನನಗೆ ಪ್ರತ್ಯೇಕ ಉತ್ತರ ಬೇಡ.

ಇಂತಿ ತಮ್ಮ ವಿಶ್ವಾಸಿ,
ಕಾನೂನು ಪದವಿಯ ಹತ್ತನೇ ಸೆಮಿಸ್ಟರಿನ ವಿದ್ಯಾರ್ಥಿನಿ

ಪ್ರತಿಗಳು: ಕರ್ನಾಟಕ ರಾಜ್ಯ ವಕೀಲರ ಪರಿಷತ್ತು, ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಬೆಂಗಳೂರು.